ಫೆಸ್‌ನ ಹಳೇ ಊರಲ್ಲಿ ರಿಯಾದ್ ವಾಸ: ರೂಮು ಹಿಡಿಯುವುದರಿಂದ ಬೀಳ್ಕೊಡುವವರೆಗೆ ಸಮಗ್ರ ಮಾರ್ಗದರ್ಶಿ

ಮೊರಾಕೊದ ಫೆಸ್‌ನಲ್ಲಿ ನಾವು ಉಳಿದಿದ್ದ ಮನೆಯ ಗಲ್ಲಿ ತುಂಬಾ ಕಿರಿದು. ಎರಡು ಕೈ ಚಾಚಿದರೆ ಎರಡೂ ಕಡೆ ಗೋಡೆ ಸಿಗುತ್ತಿತ್ತು. ಗೋಡೆಗೆ ಕಿಟಕಿ ಇಲ್ಲ, ಬಣ್ಣ ಇಲ್ಲ. ಮನೆಯ ಹೆಸರು ಬರೆದ ಫಲಕ ಅಂಗೈಯಷ್ಟೇ ಅಗಲ. ದೊಡ್ಡ ಮರದ ಬಾಗಿಲಿನೊಳಗೇ ಕೂರಿಸಿದ ಒಂದು ಚಿಕ್ಕ ಬಾಗಿಲು ತೆರೆಯಿತು. ತಲೆ ತಗ್ಗಿಸಿ ಒಳಗೆ ಹೋದರೆ ಕತ್ತಲೆಯ ಓಣಿ. ಒಂದು ತಿರುವು, ಇನ್ನೊಂದು ತಿರುವು. ಆಮೇಲೆ ಥಟ್ಟನೆ ತಲೆ ಮೇಲೆ ಆಕಾಶ! ನಡುವೆ ಕಾರಂಜಿ, ಸುತ್ತಲೂ ಬಣ್ಣದ ಬಿಲ್ಲೆಗಳ ಗೋಡೆ, ಮೇಲೆ ಮೂರು ಅಂತಸ್ತಿನವರೆಗೆ ದೇವದಾರು ಮರದ ಕೆತ್ತನೆ.

ನನ್ನ ಹಿಂದೆ ಬಂದ ಅಮ್ಮ ಸುತ್ತ ನೋಡಿ, "ಇದು ನಮ್ಮ ತೊಟ್ಟಿ ಮನೆ ಕಣೇ" ಅಂದರು.

ಅಮ್ಮ ಹೇಳಿದ್ದು ಸರಿ. ಅಲ್ಲಿ ಅತಿಥಿಗಳಿಗೆ ಬಾಡಿಗೆಗೆ ಕೊಡುವ ರಿಯಾದ್ ಅಂದರೆ ಹೀಗೆ ಒಳಮುಖದ ಹಳೇ ಮನೆ. ಬೀದಿಗೆ ಬೆನ್ನು, ಅಂಗಳಕ್ಕೆ ಮುಖ. ಗಾಳಿ, ಬೆಳಕು, ಸದ್ದು, ಅಡುಗೆಯ ವಾಸನೆ ಎಲ್ಲವೂ ಆ ನಡುವಿನ ತೆರವಿನಿಂದಲೇ ಓಡಾಡುತ್ತವೆ. ರೂಮು ಆರಿಸುವಾಗ, ಬಟ್ಟೆ ತುಂಬಿಕೊಳ್ಳುವಾಗ, ರಾತ್ರಿ ಮಾತಾಡುವಾಗ, ಊಟ ಹೇಳುವಾಗ ಇದನ್ನು ನೆನಪಿಟ್ಟುಕೊಂಡರೆ ವಾಸ ಸುಖವಾಗಿರುತ್ತದೆ. ಹೋಟೆಲ್ ಅಂದುಕೊಂಡು ಹೋದವರು ಸುಮ್ನೆ ಬೇಜಾರು ಮಾಡಿಕೊಂಡು ಬರುತ್ತಾರೆ. ಆ ಬೇಜಾರು ಯಾರಿಗೂ ಆಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು, ಈ ಮನೆಗಳ ಬಗ್ಗೆ ನಾಲ್ಕು ಮಾತು

ಹಳೇ ಊರಿಗೆ ಅಲ್ಲಿನವರು ಮದೀನಾ ಅನ್ನುತ್ತಾರೆ. ಫೆಸ್‌ನ ಮದೀನಾಕ್ಕೆ ಫೆಸ್ ಅಲ್-ಬಾಲಿ ಅಂತ ಹೆಸರು. ಊರು ಶುರುವಾಗಿದ್ದು 8ನೇ ಶತಮಾನದ ಕೊನೆಯಲ್ಲಿ, ಇದ್ರಿಸಿ ಅರಸರ ಕಾಲದಲ್ಲಿ. 1981ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳಗೆ ಕಾರು ಹೋಗುವುದಿಲ್ಲ. ಸಾಮಾನು ಸಾಗಿಸಲು ಇವತ್ತಿಗೂ ಕತ್ತೆ, ಹೇಸರಗತ್ತೆ ಮತ್ತು ಕೈಗಾಡಿ.

ರಿಯಾದ್ ಅಂದರೆ ತೋಟ. ಸೌದಿಯ ರಾಜಧಾನಿಯ ಹೆಸರೂ ಇದೇ ಪದ. ಅಂಗಳದಲ್ಲಿ ಕಿತ್ತಳೆ ಅಥವಾ ನಿಂಬೆ ಗಿಡ, ಪಾತಿ, ನಡುವೆ ನೀರು ಇದ್ದರೆ ಅದು ರಿಯಾದ್. ಗಿಡವಿಲ್ಲದೆ ಬರೀ ಬಿಲ್ಲೆ ಹಾಸಿದ ಅಂಗಳವಿದ್ದರೆ ಅದು ದಾರ್, ಅಂದರೆ ಮನೆ. ಫೆಸ್‌ನಲ್ಲಿ ಜಾಗ ಕಡಿಮೆ. ಅದಕ್ಕೇ ಮನೆಗಳು ಅಗಲಕ್ಕಿಂತ ಎತ್ತರಕ್ಕೆ ಬೆಳೆದಿವೆ, ದಾರ್‌ಗಳೇ ಜಾಸ್ತಿ. ಬುಕಿಂಗ್ ಆ್ಯಪ್‌ಗಳಲ್ಲಿ ಮಾತ್ರ ಎಲ್ಲಕ್ಕೂ ರಿಯಾದ್ ಅಂತಲೇ ಹಾಕುತ್ತಾರೆ. ಗಿಡ-ಮರ ಇರುವ ಅಂಗಳವೇ ಬೇಕು ಅಂದರೆ ಫೋಟೋದಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ದಾರ್ ಏನೂ ಕಡಿಮೆಯಲ್ಲ. ನನಗಂತೂ ಚಿಕ್ಕ ದಾರ್‌ಗಳೇ ಜಾಸ್ತಿ ಇಷ್ಟ, ನಾಲ್ಕೈದು ರೂಮು ಅಷ್ಟೇ ಇರುತ್ತವೆ.

ಇವೆಲ್ಲ ವ್ಯಾಪಾರಿಗಳ, ವಿದ್ವಾಂಸರ, ಅಧಿಕಾರಿಗಳ ಕುಟುಂಬಗಳು ಬಾಳಿದ ಮನೆಗಳು. 1912ರಲ್ಲಿ ಫ್ರೆಂಚರ ಆಡಳಿತ ಬಂತು. ಅವರು ಕೋಟೆಯ ಹೊರಗೆ ಅಗಲ ರಸ್ತೆಗಳ ಹೊಸ ಊರು ಕಟ್ಟಿದರು. ಉಳ್ಳವರು ಒಬ್ಬೊಬ್ಬರಾಗಿ ಅಲ್ಲಿಗೆ, ಕಾಸಾಬ್ಲಾಂಕಾಕ್ಕೆ ಹೋದರು. ದೊಡ್ಡ ಮನೆಗಳಲ್ಲಿ ರೂಮಿಗೊಂದು ಬಡ ಸಂಸಾರ ಬಾಡಿಗೆಗೆ ಬಂತು. ನೋಡಿಕೊಳ್ಳುವವರಿಲ್ಲದೆ ಎಷ್ಟೋ ಗೋಡೆ ಬಿರುಕು ಬಿಟ್ಟವು. ಈಗಲೂ ಗಲ್ಲಿಗಳಲ್ಲಿ ಎದುರುಬದುರು ಗೋಡೆಗಳ ನಡುವೆ ಮರದ ದಿಮ್ಮಿಗಳ ಊರೆ ಕಾಣುತ್ತದೆ. ಬೀಳದ ಹಾಗೆ ಕೊಟ್ಟ ಆಸರೆ ಅದು. ಹಳೇ ಊರಿನ ದುರಸ್ತಿಗೆ ಅಂತಲೇ 1989ರಲ್ಲಿ ಅದೇರ್-ಫೆಸ್ ಎಂಬ ಸಂಸ್ಥೆ ಶುರುವಾಯಿತು. ಆಮೇಲೆ ಎಷ್ಟೋ ಮನೆಗಳು ಅತಿಥಿಗೃಹಗಳಾಗಿ ಉಳಿದುಕೊಂಡವು. ನೀವು ಕೊಡುವ ಬಾಡಿಗೆಯಲ್ಲೇ ಸೂರಿನ ಮರ, ಗೋಡೆಯ ಬಿಲ್ಲೆ ರಿಪೇರಿಯಾಗುತ್ತವೆ. ನನಗೆ ಅಲ್ಲಿ ಉಳಿಯುವುದು ಮುಖ್ಯ ಅನ್ನಿಸಿದ್ದೇ ಇದಕ್ಕೆ.

ಹಂತ 1: ಯಾವ ಕಾಲದಲ್ಲಿ, ಯಾವ ಬಾಗಿಲಿನ ಹತ್ತಿರ

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೆಯ ಕಾಲ. ಜುಲೈ-ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳಿರುತ್ತವೆ. ಡಿಸೆಂಬರ್-ಜನವರಿಯ ರಾತ್ರಿ 4-5 ಡಿಗ್ರಿಗೆ ಇಳಿಯುತ್ತದೆ. ಹಳೇ ಮನೆ ಬಿಸಿಲನ್ನು ತಡೆಯಲು ಕಟ್ಟಿದ್ದು, ಚಳಿಯನ್ನು ತಡೆಯಲು ಅಲ್ಲ. ಬೆಂಗಳೂರಿನ ಚಳಿಯನ್ನೇ ಚಳಿ ಅನ್ನುವವರು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಫೆಸ್‌ನಲ್ಲಿ 1994ರಿಂದ ನಡೆಯುತ್ತಿರುವ ವಿಶ್ವ ಪವಿತ್ರ ಸಂಗೀತೋತ್ಸವದ ವಾರದಲ್ಲಿ ರೂಮು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಸಾಮಾನ್ಯವಾಗಿ ಮೇ-ಜೂನ್ ಹೊತ್ತಿಗೆ ಬರುತ್ತದೆ. ಸಂಗೀತ ಕೇಳಲೆಂದೇ ಹೋಗುವವರು ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ.

ಇನ್ನು ಜಾಗ. ಮನೆ ಎಷ್ಟು ಚೆಂದ ಅನ್ನುವುದಕ್ಕಿಂತ, ಕಾರು ನಿಲ್ಲುವ ಜಾಗದಿಂದ ಎಷ್ಟು ನಿಮಿಷದ ನಡಿಗೆ ಅನ್ನುವುದನ್ನು ಮೊದಲು ಕೇಳಿ. ಮೊದಲ ಸಲ ಹೋಗುವವರಿಗೆ ಬತ್ಹಾ ಚೌಕ ಅಥವಾ ನೀಲಿ ಬಾಗಿಲು ಅಂತ ಹೆಸರಾದ ಬಾಬ್ ಬೂ ಜಲೂದ್ ಹತ್ತಿರದ ಮನೆ ಅನುಕೂಲ. ಟ್ಯಾಕ್ಸಿ ಅಲ್ಲಿಯವರೆಗೆ ಬರುತ್ತದೆ. ಉತ್ತರ ಕಡೆಯ ಐನ್ ಅಜ್ಲಿತೆನ್ ಹತ್ತಿರವೂ ಕಾರು ನಿಲ್ಲುತ್ತದೆ. ಕೆಳಗೆ ಕಣಿವೆಯಲ್ಲಿ ರ್ಸೀಫ್ ಚೌಕವಿದೆ. ಅದರ ಸುತ್ತ ಊರಿನವರ ತರಕಾರಿ, ಮೀನಿನ ಸಂತೆ, ಪ್ರವಾಸಿಗಳು ಕಡಿಮೆ. ಇನ್ನೊಮ್ಮೆ ಹೋದರೆ ನಾನು ಅಲ್ಲೇ ಉಳಿಯುವೆ. ಕರಾವಿಯ್ಯೀನ್ ಮಸೀದಿಯ ಸುತ್ತಲಿನ ನಟ್ಟನಡುವಿನ ಮನೆಗಳು ಅದ್ಭುತ, ಆದರೆ ಲಗೇಜು ಹೊತ್ತು 15-20 ನಿಮಿಷ ನಡೆಯಬೇಕಾಗಬಹುದು. ವಯಸ್ಸಾದವರು ಜೊತೆಗಿದ್ದರೆ ಬೇಡ.

ಹಂತ 2: ರೂಮು ಆರಿಸುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಒಂದೇ ಮನೆಯ ಎರಡು ರೂಮುಗಳ ನಡುವೆ ಅಜಗಜಾಂತರ ಇರುತ್ತದೆ. ಮೊದಲ ಸಲ ನಾನು ಫೋಟೋ ನೋಡಿ ಮರುಳಾಗಿ ನೆಲಮಹಡಿಯ ರೂಮು ಹಿಡಿದಿದ್ದೆ. ಕಿಟಕಿ ಇದೆ ಅಂತ ಬರೆದಿದ್ದರು. ಕಿಟಕಿ ಇತ್ತು ನಿಜ, ಅಂಗಳಕ್ಕೆ ತೆರೆಯುತ್ತಿತ್ತು. ಎದುರಿಗೇ ಬೆಳಗಿನ ತಿಂಡಿಯ ಮೇಜು. ಪರದೆ ಸರಿಸಿದರೆ ಬೇರೆ ಅತಿಥಿಗಳ ಮುಖ, ಹಾಕಿದರೆ ಹಗಲಲ್ಲೇ ದೀಪ ಹಚ್ಚಬೇಕು. ಬಚ್ಚಲಿಗೆ ಬಾಗಿಲೇ ಇರಲಿಲ್ಲ, ಅರ್ಧ ಗೋಡೆ ಮತ್ತು ಒಂದು ಪರದೆ. ಅಮ್ಮನ ಜೊತೆ ಮೂರು ದಿನ ಹಾಗೆ ಕಳೆಯುವುದು ಇಬ್ಬರಿಗೂ ಮುಜುಗರವಾಯಿತು. ಹಳೇ ರೂಮುಗಳು ಉದ್ದಕ್ಕೆ, ಕಿರಿದಾಗಿ ಇರುತ್ತವೆ. ಅದರ ಒಂದು ತುದಿಯಲ್ಲೇ ಬಚ್ಚಲು ಕಟ್ಟಿಕೊಂಡಿರುತ್ತಾರೆ. ಹಾಗಾಗಿ ಇದು ಎಷ್ಟೋ ಮನೆಗಳಲ್ಲಿದೆ.

ನೆಲಮಹಡಿ ಬೇಸಿಗೆಯಲ್ಲಿ ತಂಪು, ಮೆಟ್ಟಿಲಿನ ಕಾಟವಿಲ್ಲ, ಆದರೆ ಕತ್ತಲೆ ಮತ್ತು ಸದ್ದು ಜಾಸ್ತಿ. ನಡುವಿನ ಮಹಡಿ ಬೆಳಕು-ಸದ್ದು ಎರಡರಲ್ಲೂ ಹದ. ತಾರಸಿ ಪಕ್ಕದ ರೂಮಿಗೆ ಗಾಳಿ, ನೋಟ ಎಲ್ಲ ಸಿಗುತ್ತದೆ. ಬೇಸಿಗೆಯಲ್ಲಿ ಮಾತ್ರ ಕಾದ ಕಾವಲಿ, ಚಳಿಗಾಲದಲ್ಲಿ ಐಸು. ಕೆಲವು ಮನೆಗಳಲ್ಲಿ ಮಸ್ರಿಯಾ ಅಂತ ಒಂದು ಭಾಗವಿರುತ್ತದೆ. ಹಿಂದೆ ಅತಿಥಿಗಳಿಗೆಂದೇ ಮೇಲೆ ಬೇರೆ ಮೆಟ್ಟಿಲಿಟ್ಟು ಕಟ್ಟಿದ್ದು. ಅದು ಖಾಲಿಯಿದ್ದರೆ ಯೋಚನೆ ಮಾಡದೆ ಹಿಡಿಯಿರಿ.

ಬುಕ್ ಮಾಡುವ ಮುಂಚೆ ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಇಷ್ಟು ಕೇಳಿಬಿಡಿ:

- ರೂಮು ಯಾವ ಮಹಡಿ, ಎಷ್ಟು ಮೆಟ್ಟಿಲು? (ಮೆಟ್ಟಿಲುಗಳು ಎತ್ತರ, ಕಿರಿದು, ಮೇಲೆ ನುಣುಪು ಬಿಲ್ಲೆ. ಮಂಡಿನೋವಿನವರಿಗೆ ಇದೇ ದೊಡ್ಡ ಪ್ರಶ್ನೆ.)
- ಬಚ್ಚಲಿಗೆ ಬಾಗಿಲು, ಅಗುಳಿ ಇದೆಯಾ?
- ಕಿಟಕಿ ಎಲ್ಲಿಗೆ ತೆರೆಯುತ್ತದೆ?
- ಹೀಟರ್ ಅಥವಾ ಎಸಿ ರೂಮಿನೊಳಗೇ ಇದೆಯಾ? ಅದಕ್ಕೆ ಬೇರೆ ದುಡ್ಡಾ?
- ಮಳೆಗಾಲದಲ್ಲಿ ಅಂಗಳದ ಮೇಲೆ ಮುಚ್ಚಿಗೆ ಹಾಕುತ್ತಾರಾ?
- ಕಾರು ನಿಲ್ಲುವ ಜಾಗದಿಂದ ಕರೆದುಕೊಂಡು ಹೋಗಲು ಯಾರಾದರೂ ಬರುತ್ತಾರಾ?

ಉತ್ತರ ಹೇಗೆ ಬರುತ್ತದೆ ಅನ್ನುವುದನ್ನೂ ನೋಡಿ. ಮೆಟ್ಟಿಲು ಎಣಿಸಿ ಹೇಳುವವರ ಮನೆ ಚೆನ್ನಾಗಿರುತ್ತದೆ, ಇದು ನನ್ನ ಅನುಭವ. ಬಾಡಿಗೆ ಸಾಧಾರಣ ದಾರ್‌ನಲ್ಲಿ ಇಬ್ಬರಿಗೆ 400-500 ದಿರ್ಹಮ್ ಆಸುಪಾಸಿನಿಂದ ಶುರುವಾಗಿ, ಅರಮನೆಯಂಥ ಮನೆಗಳಲ್ಲಿ ಸಾವಿರಗಟ್ಟಲೆ ಹೋಗುತ್ತದೆ. ಒಂದು ದಿರ್ಹಮ್ ಅಂದರೆ ನಮ್ಮ 9-10 ರೂಪಾಯಿಯ ಸುತ್ತಮುತ್ತ ಅಂತ ಲೆಕ್ಕ ಇಟ್ಟುಕೊಳ್ಳಿ. ಬೆಳಗಿನ ತಿಂಡಿ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ.

ಹಂತ 3: ಹೊರಡುವ ಮುಂಚೆ

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಮೊರಾಕೊ ಸರ್ಕಾರದ ಅಧಿಕೃತ ಈ-ವೀಸಾ ಜಾಲತಾಣದಲ್ಲೇ ಅರ್ಜಿ ಹಾಕಿ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ, ದೋಹಾ, ಅಬುಧಾಬಿ ಹೀಗೆ ಯಾವುದಾದರೂ ದಾರಿಯಾಗಿ ಕಾಸಾಬ್ಲಾಂಕಾಕ್ಕೆ ಹೋಗಿ, ಅಲ್ಲಿಂದ ರೈಲು ಹಿಡಿಯುವುದು ಸುಲಭ. ವಿಮಾನ ನಿಲ್ದಾಣದಿಂದ ಕಾಸಾ ವೊಯಾಜರ್ ಸ್ಟೇಷನ್ನಿಗೆ ಒಂದು ರೈಲು, ಅಲ್ಲಿಂದ ಫೆಸ್‌ಗೆ ಇನ್ನೊಂದು. ಎರಡನೆಯದಕ್ಕೆ ಸುಮಾರು ನಾಲ್ಕು ಗಂಟೆ.

ರೂಪಾಯಿ ಅಲ್ಲಿ ನಡೆಯುವುದಿಲ್ಲ, ಬದಲಾಯಿಸಿಯೂ ಕೊಡುವುದಿಲ್ಲ. ಯೂರೊ ಒಯ್ಯಿರಿ. ಎಟಿಎಂ ಇವೆ, ಆದರೆ ಮದೀನಾ ಒಳಗೆ ಕಡಿಮೆ. ಸುಮಾರು ರಿಯಾದ್‌ಗಳು ನಗದನ್ನೇ ಇಷ್ಟಪಡುತ್ತವೆ. ನಮ್ಮ ಮೂರು ಕಾಲಿನ ದಪ್ಪ ಪ್ಲಗ್ ಅಲ್ಲಿ ಕೂರುವುದಿಲ್ಲ, ಎರಡು ಕಾಲಿನ ಫೋನ್ ಚಾರ್ಜರ್ ಕೂರುತ್ತದೆ. ಡ್ರೋನ್ ಬೇಡವೇ ಬೇಡ, ಅನುಮತಿಯಿಲ್ಲದೆ ತಂದದ್ದನ್ನು ವಿಮಾನ ನಿಲ್ದಾಣದಲ್ಲೇ ಇಟ್ಟುಕೊಳ್ಳುತ್ತಾರೆ.

ಚಕ್ರದ ಸೂಟ್‌ಕೇಸ್ ಬಿಟ್ಟು ಬೆನ್ನಿಗೆ ಹಾಕುವ ಚೀಲ ತನ್ನಿ. ಗಲ್ಲಿಗಳಲ್ಲಿ ಮೆಟ್ಟಿಲು, ಇಳಿಜಾರು, ಎಡವಟ್ಟು ಕಲ್ಲು. ಜೊತೆಗೆ ಉಣ್ಣೆಯ ಕಾಲುಚೀಲ, ಮನೆಯೊಳಗೆ ಹಾಕಲು ಮೆತ್ತನೆ ಚಪ್ಪಲಿ, ಕಿವಿಗೆ ಹತ್ತಿ, ಒಂದು ಚಿಕ್ಕ ಟಾರ್ಚ್.

ಹಂತ 4: ಮೊದಲ ದಿನ ಬಾಗಿಲು ತಲುಪುವುದು

ಹಗಲಲ್ಲೇ ತಲುಪಿ. ಇದೊಂದೇ ಮಾತು ಪಾಲಿಸಿದರೂ ಅರ್ಧ ತಲೆಬಿಸಿ ತಪ್ಪುತ್ತದೆ.

ಊರೊಳಗೆ ಓಡುವ ಪೆಟಿ ಟ್ಯಾಕ್ಸಿ ಫೆಸ್‌ನಲ್ಲಿ ಕೆಂಪು ಬಣ್ಣದ್ದು, ಮೂವರಿಗಿಂತ ಜಾಸ್ತಿ ಹತ್ತಿಸುವುದಿಲ್ಲ. ಹತ್ತುವಾಗಲೇ "ಕೊಂತೋರ್, ಅಫಾಕ್" ಅನ್ನಿ, ಅಂದರೆ ದಯವಿಟ್ಟು ಮೀಟರ್ ಹಾಕಿ. ರೈಲ್ವೆ ಸ್ಟೇಷನ್ನಿನಿಂದ ಬೂ ಜಲೂದ್‌ಗೆ ಹಗಲಲ್ಲಿ ಮೀಟರ್ ಪ್ರಕಾರ 20 ದಿರ್ಹಮ್‌ಗಿಂತ ಜಾಸ್ತಿ ಆಗುವುದಿಲ್ಲ. ರಾತ್ರಿ ಅರ್ಧದಷ್ಟು ಹೆಚ್ಚು. ವಿಮಾನ ನಿಲ್ದಾಣದಿಂದ ಬಂದರೆ ದೊಡ್ಡ ಟ್ಯಾಕ್ಸಿ, ಅದಕ್ಕೆ ಮೀಟರ್ ಇಲ್ಲ, ದರ ಮೊದಲೇ ಮಾತಾಡಿ.

ಟ್ಯಾಕ್ಸಿಯವನಿಗೆ ಮನೆಯ ಹೆಸರು ಹೇಳಿದರೆ ಪ್ರಯೋಜನವಿಲ್ಲ. ಯಾವ ಬಾಗಿಲು ಅಥವಾ ಚೌಕ ಅಂತ ಹೇಳಬೇಕು. ಅಲ್ಲಿಗೆ ಮನೆಯವರು ಬಂದಿರುತ್ತಾರೆ. ಹೊರಡುವ ಮುಂಚೆ ವಾಟ್ಸ್‌ಆ್ಯಪ್‌ನಲ್ಲಿ ಸಮಯ ಹೇಳಿ, ನಿಮ್ಮದೊಂದು ಫೋಟೋ ಕಳಿಸಿ. ಭಾರತಕ್ಕಿಂತ ಅಲ್ಲಿ ಗಡಿಯಾರ ನಾಲ್ಕೂವರೆ ಗಂಟೆ ಹಿಂದೆ. ರಂಜಾನ್ ತಿಂಗಳಲ್ಲಿ ಇನ್ನೊಂದು ಗಂಟೆ ಹಿಂದಿಡುತ್ತಾರೆ. ಇದನ್ನು ಮರೆತು ಮೆಸೇಜ್ ಮಾಡಿದರೆ ಪಾಪ ಅವರು ಗಂಟೆಗಟ್ಟಲೆ ಚೌಕದಲ್ಲಿ ನಿಂತಿರುತ್ತಾರೆ.

ಲಗೇಜು ಭಾರವಿದ್ದರೆ ಬಾಗಿಲ ಬಳಿ ಕೈಗಾಡಿಯವರಿರುತ್ತಾರೆ, ಗಾಡಿಗೆ ಕರ್ರೊಸಾ ಅನ್ನುತ್ತಾರೆ. ದರವನ್ನು ರಿಯಾದಿನವರ ಕೈಲೇ ಮಾತಾಡಿಸಿ. ಯಾರೂ ಬರದೇ ಹೋದಾಗ "ನಾನು ಆ ಮನೆಯವನೇ, ಬನ್ನಿ" ಅನ್ನುವ ಹುಡುಗರು ಸಿಗಬಹುದು. ಆಗ ಒಂದು ಅಂಗಡಿಯ ಮುಂದೆ ನಿಂತು ಮನೆಗೆ ಫೋನ್ ಮಾಡಿ. ಅಂಗಡಿಯವರ ಕೈಗೆ ಫೋನ್ ಕೊಟ್ಟರೆ ಇನ್ನೂ ಒಳ್ಳೆಯದು. ಫೆಸ್‌ನ ಅಂಗಡಿಯವರು ನನಗೆ ಒಮ್ಮೆಯೂ ದಾರಿ ತಪ್ಪಿಸಿಲ್ಲ.

ಹಂತ 5: ಒಳಗೆ ಬಂದ ಮೇಲೆ

ಮೊದಲು ಚಹಾ. ಪಾಸ್‌ಪೋರ್ಟು, ರಿಜಿಸ್ಟರು ಎಲ್ಲ ಆಮೇಲೆ. ಗುಂಡು ಗುಂಡಾಗಿ ಸುರುಟಿದ ಚೀನಾದ ಹಸಿರು ಚಹಾ ಎಲೆ, ಒಂದು ಹಿಡಿ ಪುದೀನ, ಕೈತುಂಬಾ ಸಕ್ಕರೆ. ಮನೆಯ ಹುಡುಗ ಮೊದಲ ಲೋಟ ಬಗ್ಗಿಸಿ ಮತ್ತೆ ಪಾತ್ರೆಗೇ ಸುರಿದ. ಸಕ್ಕರೆ ಬೆರೆಯಲಿ ಅಂತ. ಆಮೇಲೆ ಕೈ ಮೇಲೆತ್ತಿ ಒಂದು ಮೊಳ ಎತ್ತರದಿಂದ ಬಿಟ್ಟ. ಲೋಟದ ಬಾಯಲ್ಲಿ ನೊರೆ ಎದ್ದಿತು. ನಮ್ಮ ಕಾಫಿ ಹೋಟೆಲಿನಲ್ಲಿ ಎತ್ತಿ ಆಡಿಸುವುದನ್ನು ನೋಡಿ ಬೆಳೆದ ಅಮ್ಮನಿಗೆ ಅದು ಎಷ್ಟು ಇಷ್ಟವಾಯಿತೆಂದರೆ, ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡರು. ಸಕ್ಕರೆ ಕಾಯಿಲೆಯವರು "ಬ್ಲಾ ಸುಕ್ಕರ್" ಅಂತ ಮೊದಲೇ ಹೇಳಿ. ಚಹಾ ಕುಡಿಯುವಾಗ ಅವಸರ ಬೇಡ, ಅದು ಸ್ವಾಗತ.

ಆಮೇಲೆ ಒಂದು ಫಾರಂ ಕೊಡುತ್ತಾರೆ. ಅದು ಪೊಲೀಸರಿಗೆ ಹೋಗುವ ವಿವರ, ಎಲ್ಲ ಅತಿಥಿಗಳೂ ತುಂಬಬೇಕು. ಅದರಲ್ಲಿ ಪ್ರವೇಶ ಸಂಖ್ಯೆ ಅಂತ ಒಂದು ಸಾಲಿರುತ್ತದೆ. ಗಡಿಯಲ್ಲಿ ಪಾಸ್‌ಪೋರ್ಟಿಗೆ ಹಾಕಿದ ಮುದ್ರೆಯ ಹತ್ತಿರ ಆ ಸಂಖ್ಯೆ ಇರುತ್ತದೆ, ಹುಡುಕಿ ಬರೆಯಿರಿ. ತಲೆಗೆ, ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆಯೂ ಇದೆ. ಬುಕಿಂಗ್ ದುಡ್ಡಿನಲ್ಲಿ ಇದು ಸೇರಿರುವುದಿಲ್ಲ ಸುಮಾರು ಸಲ, ನಗದಾಗಿ ಕೇಳಿದರೆ ಗಾಬರಿಯಾಗಬೇಡಿ.

ರೂಮಿಗೆ ಹೋಗುವ ಮುಂಚೆ ಮೂರು ವಿಷಯ ತಿಳಿದುಕೊಳ್ಳಿ. ರಾತ್ರಿ ಬಾಗಿಲು ಯಾರು ತೆರೆಯುತ್ತಾರೆ, ಬಿಸಿನೀರು ಬರಲು ಎಷ್ಟು ಹೊತ್ತು, ತಾರಸಿಗೆ ದಾರಿ ಎಲ್ಲಿ. ಮನೆಯ ಕಾರ್ಡು ಒಂದು ಜೇಬಿಗೆ ಹಾಕಿಕೊಳ್ಳಿ. ಅರಬಿಯಲ್ಲಿ ವಿಳಾಸ ಇರುವುದೇ ಆಗಬೇಕು.

ಹಂತ 6: ಮನೆಯ ಜೊತೆ ಹೊಂದಿಕೊಳ್ಳುವುದು

ಅಂಗಳ ಅಂದರೆ ಬಾವಿ ಇದ್ದ ಹಾಗೆ. ಕೆಳಗೆ ಪಿಸುಗುಟ್ಟಿದ್ದು ಮೂರನೇ ಮಹಡಿಯಲ್ಲಿ ಕೇಳುತ್ತದೆ. ರಾತ್ರಿ ಹತ್ತರ ಮೇಲೆ ಅಂಗಳದಲ್ಲಿ ವೀಡಿಯೊ ಕಾಲ್ ಮಾಡಬೇಡಿ, ಇಡೀ ಮನೆ ನಿಮ್ಮ ಸಂಸಾರದ ಕಥೆ ಕೇಳುತ್ತದೆ. ತಾರಸಿಗೆ ಹೋಗಿ ಮಾತಾಡಿ. ನಸುಕಿನಲ್ಲಿ ಸುತ್ತಲಿನ ಮಸೀದಿಗಳಿಂದ ಆಜಾನ್ ಬರುತ್ತದೆ, ಒಂದಾದ ಮೇಲೊಂದು, ದೂರದ್ದು ಹತ್ತಿರದ್ದು ಕೂಡಿ. ಎಚ್ಚರವಾಗೇ ಆಗುತ್ತದೆ. ನಾನು ಎರಡನೇ ದಿನ ಶಾಲು ಹೊದ್ದು ತಾರಸಿಗೆ ಹೋಗಿ ಕೇಳಿದೆ. ನೀವೂ ಒಂದು ದಿನ ಹಾಗೆ ಮಾಡಿ.

ಗೋಡೆಯ ಬಗ್ಗೆ ಒಂದು ಮಾತು. ಬಚ್ಚಲಿನ ನುಣುಪಾದ ಗೋಡೆ ಬಣ್ಣ ಬಳಿದದ್ದಲ್ಲ, ತದಲಾಕ್ತ್ ಎಂಬ ಸುಣ್ಣದ ಗಾರೆ. ಕಲ್ಲಿನಿಂದ ಉಜ್ಜಿ, ಆಲಿವ್ ಸಾಬೂನು ತಿಕ್ಕಿ ಹೊಳಪು ತಂದಿರುತ್ತಾರೆ. ನೀರು ನಿಲ್ಲದಷ್ಟು ನುಣುಪು, ಆದರೆ ಸೂಕ್ಷ್ಮ. ನಾವು ತಲೆಗೆ ಎಣ್ಣೆ ಹಚ್ಚಿಕೊಳ್ಳುವವರು, ಅಲ್ವಾ? ಎಣ್ಣೆ ತಲೆ ಇಟ್ಟುಕೊಂಡು ಸುಣ್ಣದ ಗೋಡೆಗಾಗಲಿ, ಕೆತ್ತನೆಯ ಗಚ್ಚಿಗಾಗಲಿ ಒರಗಬೇಡಿ. ಆ ಕಲೆ ಹೋಗುವುದಿಲ್ಲ.

ಅಂಗಳದ ಗೋಡೆಯ ಬಿಲ್ಲೆ ಕೆಲಸಕ್ಕೆ ಝಲ್ಲೀಜ್ ಅನ್ನುತ್ತಾರೆ. ಒಂದು ಸಂಜೆ ಮಳೆ ಹಿಡಿದು ಹೊರಗೆ ಹೋಗಲಾಗದೆ ನಾನು ಅದರ ಮುಂದೆಯೇ ಕೂತಿದ್ದೆ. ಒಂದು ನಕ್ಷತ್ರ. ಅದರ ಸುತ್ತ ಬೆರಳುಗುರಿನಷ್ಟು ತುಂಡುಗಳು, ಬಿಳಿ, ಹಸಿರು, ಜೇನುಬಣ್ಣ, ಕಪ್ಪು. ಹತ್ತಿರ ಹೋಗಿ ನೋಡಿದರೆ ಯಾವ ಎರಡು ತುಂಡೂ ಪೂರ್ತಿ ಒಂದೇ ಥರ ಇಲ್ಲ. ಅಂಚುಗಳಲ್ಲಿ ಸುತ್ತಿಗೆಯ ಏಟಿನ ಗುರುತಿದೆ. ಸುಟ್ಟ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಒಂದೊಂದೇ ಆಕಾರ ಕಡಿಯುತ್ತಾರೆ. ಆಮೇಲೆ ಬಣ್ಣದ ಮುಖ ಕೆಳಗೆ ಮಾಡಿ ನೆಲದ ಮೇಲೆ ಜೋಡಿಸಿ, ಹಿಂದಿನಿಂದ ಗಾರೆ ಸುರಿಯುತ್ತಾರೆ. ಅಂದರೆ ಜೋಡಿಸುವವನಿಗೆ ಚಿತ್ತಾರ ಕಾಣುವುದೇ ಇಲ್ಲ! ಪೂರ್ತಿ ಚಿತ್ರ ಅವನ ತಲೆಯೊಳಗೆ ಇರುತ್ತದೆ. ಮಳೆ ನಿಂತದ್ದು ನನಗೆ ಗೊತ್ತೇ ಆಗಲಿಲ್ಲ.

ತಾರಸಿಯಲ್ಲಿ ಒಂದು ಮರ್ಯಾದೆ ಇದೆ. ಹಿಂದಿನಿಂದಲೂ ಅದು ಹೆಂಗಸರ ಜಾಗ. ಬಟ್ಟೆ ಒಣಗಿಸುವುದು, ಅಕ್ಕಪಕ್ಕದವರ ಜೊತೆ ಮಾತು ಎಲ್ಲ ಅಲ್ಲೇ. ಊರಿನ ನೋಟದ ಫೋಟೋ ತೆಗೆಯಿರಿ, ಪಕ್ಕದ ತಾರಸಿಯ ಕಡೆಗೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳಿ. ಕಂಬಳಿ ಸಾಲದಿದ್ದರೆ ಮಲಗುವ ಮುಂಚೆಯೇ ಕೇಳಿ, ನಡುರಾತ್ರಿ ಕೇಳಲು ಯಾರೂ ಇರುವುದಿಲ್ಲ. ಮೂರು ಜನ ಒಂದೇ ಹೊತ್ತಿಗೆ ಸ್ನಾನಕ್ಕೆ ನಿಂತರೆ ಬಿಸಿನೀರು ಮುಗಿಯುತ್ತದೆ, ಸರದಿ ಮಾಡಿಕೊಳ್ಳಿ.

ಹಂತ 7: ಊಟ-ತಿಂಡಿ

ಬೆಳಗಿನ ತಿಂಡಿ ನೋಡಿ ನಮ್ಮವರಿಗೆ ಖುಷಿಯಾಗುತ್ತದೆ. ಮ್ಸೆಮೆನ್ ಅಂದರೆ ಮಡಚಿ ಮಡಚಿ ಕಾವಲಿಯಲ್ಲಿ ಬೇಯಿಸಿದ ಚೌಕ ಪರೋಟ. ಬಘ್ರೀರ್ ಮೇಲೆಲ್ಲ ತೂತು ತೂತು, ಥೇಟ್ ಸೆಟ್ ದೋಸೆ. ಬೆಣ್ಣೆ-ಜೇನು ಸುರಿದರೆ ತೂತುಗಳೇ ಕುಡಿದುಬಿಡುತ್ತವೆ. ಹರ್ಷಾ ರವೆಯ ದಪ್ಪ ರೊಟ್ಟಿ. ಜೊತೆಗೆ ಆಲಿವ್, ಮೆತ್ತನೆ ಚೀಸ್, ಜ್ಯಾಮ್, ಕಿತ್ತಳೆ ರಸ. ಮೊಟ್ಟೆ ಬೇಡದಿದ್ದರೆ ಹಿಂದಿನ ರಾತ್ರಿಯೇ ಹೇಳಿ. ಫೆಸ್‌ನಲ್ಲಿ ಮೊಟ್ಟೆಗೆ ಖ್ಲೀ ಎಂಬ ಒಣಗಿಸಿಟ್ಟ ಮಾಂಸ ಸೇರಿಸುವುದೂ ಉಂಟು.

ರಾತ್ರಿ ಊಟ ಮನೆಯಲ್ಲೇ ಬೇಕಾದರೆ ಬೆಳಗ್ಗೆಯೇ ಹೇಳಬೇಕು. ಫ್ರಿಜ್‌ನಿಂದ ತೆಗೆದು ಬಿಸಿ ಮಾಡುವ ಅಡುಗೆ ಅಲ್ಲ ಅದು. ಅಡುಗೆಯವರು ಸಂತೆಗೆ ಹೋಗಿ ತಂದು, ತಜಿನ್ ಮಡಕೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಒಂದು ರಾತ್ರಿಯಾದರೂ ಮನೆಯಲ್ಲೇ ಉಣ್ಣಿ.

ಸಸ್ಯಾಹಾರಿಗಳು ಇಲ್ಲಿ ಗಮನ ಕೊಡಿ. ತರಕಾರಿ ತಜಿನ್ ಅಂತ ಬರೆದಿದ್ದರೂ ಮಾಂಸದ ಸಾರಿನಲ್ಲಿ ಬೇಯಿಸಿರಬಹುದು. ಕುಸ್‌ಕುಸ್ (ಹಬೆಯಲ್ಲಿ ಬೇಯಿಸಿದ ರವೆ) ಮೇಲೆ ಏಳು ಬಗೆಯ ತರಕಾರಿ ಇದ್ದರೂ ಕೆಳಗಿನ ಸಾರು ಕುರಿಯದ್ದೋ ಕೋಳಿಯದ್ದೋ ಆಗಿರುತ್ತದೆ. ಹರೀರಾ ಸೂಪಿಗೂ ಮಾಂಸದ ಚೂರು ಬೀಳುತ್ತದೆ. ವೆಜಿಟೇರಿಯನ್ ಅಂದರೆ ಸಾಲದು. "ಮಾ ಕನಾಕುಲ್ಶ್ ಲ್ಹಮ್" ಅನ್ನಿ, ನಾನು ಮಾಂಸ ತಿನ್ನುವುದಿಲ್ಲ ಅಂತ. ಆಮೇಲೆ ಬಿಡಿಸಿ ಹೇಳಿ: "ಬ್ಲಾ ಲ್ಹಮ್, ಬ್ಲಾ ದ್ಜಾಜ್, ಬ್ಲಾ ಹೂತ್." ಮಾಂಸವಿಲ್ಲದೆ, ಕೋಳಿಯಿಲ್ಲದೆ, ಮೀನಿಲ್ಲದೆ. ಸಾರಿಗೆ ಮರ್ಕಾ ಅನ್ನುತ್ತಾರೆ, "ಮರ್ಕಾ ಬ್ಲಾ ಲ್ಹಮ್" ಅನ್ನುವುದನ್ನು ಮರೆಯಬೇಡಿ. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೆ "ಬ್ಲಾ ಬ್ಸ್ಲಾ, ಬ್ಲಾ ತೂಮಾ". ಇದು ಅವರಿಗೆ ತುಸು ಕಷ್ಟದ ಕೆಲಸ, ತಜಿನ್ ಶುರುವಾಗುವುದೇ ಈರುಳ್ಳಿಯಿಂದ.

ಧೈರ್ಯವಾಗಿ ಕೇಳಬಹುದಾದ್ದು ಬೇಕಾದಷ್ಟಿದೆ. ಸುಟ್ಟ ಬದನೆ-ಟೊಮೇಟೊದ ಝಾಲೂಕ್, ನಮ್ಮ ಬದನೆಕಾಯಿ ಗೊಜ್ಜಿನ ಅಕ್ಕ-ತಂಗಿ. ದಪ್ಪ ಮೆಣಸಿನಕಾಯಿಯ ತಕ್ತೂಕಾ. ಬೀನ್ಸ್ ಕಾಳಿನ ಲೂಬಿಯಾ, ಮಸೂರದ ಅದಸ್, ಇವೆರಡಕ್ಕೂ ಮಾಂಸ ಸೇರಿಸಿಲ್ಲ ತಾನೇ ಅಂತ ಕೇಳಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ ಬಿಸ್ಸಾರಾ. ಒಣಗಿದ ಫಾವಾ ಕಾಳು ಬೇಯಿಸಿ ಮಸೆದ ಗಟ್ಟಿ ಸಾರು, ಮೇಲೆ ಆಲಿವ್ ಎಣ್ಣೆ ಮತ್ತು ಜೀರಿಗೆ ಪುಡಿ. ಚಳಿಗಾಲದ ಬೆಳಗ್ಗೆ ಮದೀನಾದ ಪುಟ್ಟ ಅಂಗಡಿಗಳಲ್ಲಿ ರೊಟ್ಟಿ ಜೊತೆ ಕೆಲವೇ ದಿರ್ಹಮ್‌ಗೆ ಸಿಗುತ್ತದೆ.

ಅಡುಗೆಯವರನ್ನು ಹೆಸರಿಟ್ಟು ಕರೆಯುವ ಬದಲು "ಲಲ್ಲಾ" ಅನ್ನಿ, ನಾವು ಅಮ್ಮಾ ಅಂದ ಹಾಗೆ, ಮರ್ಯಾದೆಯ ಮಾತು. ನಮ್ಮ ಮನೆಯ ಲಲ್ಲಾಗೆ ಅಮ್ಮ ಶೇಂಗಾ ಚಟ್ನಿಪುಡಿ ಕೊಟ್ಟರು. ಒಬ್ಬರಿಗೆ ಕನ್ನಡ ಬಿಟ್ಟು ಬೇರೆ ಬಾರದು, ಇನ್ನೊಬ್ಬರಿಗೆ ದಾರಿಜಾ, ಅಂದರೆ ಮೊರಾಕೊದ ಆಡುಮಾತಿನ ಅರಬಿ, ಬಿಟ್ಟು. ಲಲ್ಲಾ ಅದನ್ನು ಆಲಿವ್ ಎಣ್ಣೆಯಲ್ಲಿ ಕಲಸಿ ರೊಟ್ಟಿಗೆ ಹಚ್ಚಿಕೊಂಡು ತಿಂದು ಕಣ್ಣರಳಿಸಿದರು. ಮಾರನೇ ಬೆಳಗ್ಗೆ ಅಮ್ಮನನ್ನು ಅಡುಗೆಮನೆಗೆ ಕರೆದು ಕಣಕದ ಮುಂದೆ ಕೂರಿಸಿದರು. ನಾದಿದ ರೊಟ್ಟಿಗಳನ್ನು ಹಲಗೆಯ ಮೇಲಿಟ್ಟು, ಬಟ್ಟೆ ಮುಚ್ಚಿ, ಗಲ್ಲಿಯ ತುದಿಯ ಫರ್ರಾನ್‌ಗೆ ಕಳಿಸಿದರು. ಅದು ಕೇರಿಗೆಲ್ಲ ಸೇರಿದ ಸೌದೆ ಒಲೆ. ಯಾರ ಮನೆಯ ರೊಟ್ಟಿ ಯಾವುದು ಅಂತ ಒಲೆಯವನಿಗೆ ಗೊತ್ತು. ಮಸೀದಿ, ನೀರಿನ ಕಾರಂಜಿ, ಹಮ್ಮಾಮ್ (ಎಲ್ಲರೂ ಹೋಗುವ ಸ್ನಾನದ ಮನೆ), ಮಕ್ಕಳ ಕುರಾನ್ ಶಾಲೆ, ಈ ಒಲೆ, ಐದೂ ಇದ್ದರೆ ಅದು ಪೂರ್ತಿ ಕೇರಿ.

ಶುಕ್ರವಾರ ಮಧ್ಯಾಹ್ನ ಮದೀನಾದ ಅಂಗಡಿಗಳು ಸುಮಾರಾಗಿ ಮುಚ್ಚುತ್ತವೆ, ಮನೆಮನೆಯಲ್ಲೂ ಕುಸ್‌ಕುಸ್. ಆ ದಿನದ ಊಟಕ್ಕೆ ರಿಯಾದ್‌ನಲ್ಲೇ ಹೇಳಿಡಿ. ರಂಜಾನ್‌ನಲ್ಲಿ ಅತಿಥಿಗಳಿಗೆ ತಿಂಡಿ ಕೊಡುತ್ತಾರೆ, ಹೊರಗೆ ಮಾತ್ರ ಹಗಲಲ್ಲಿ ಎಲ್ಲರ ಮುಂದೆ ತಿನ್ನಬೇಡಿ. ಮದ್ಯ ಎಷ್ಟೋ ಮನೆಗಳಲ್ಲಿ ಇಲ್ಲ.

ಹಂತ 8: ಹೊರಗೆ ಹೋಗಿ ವಾಪಸ್ ಬರುವುದು

ಕಳೆದುಹೋಗುತ್ತೀರಿ. ಎಲ್ಲರೂ ಕಳೆದುಹೋಗುತ್ತಾರೆ. ಎತ್ತರದ ಗೋಡೆಗಳ ನಡುವೆ ಫೋನಿನ ನೀಲಿ ಚುಕ್ಕೆ ಬೇರೆ ಗಲ್ಲಿಗೆ ಹಾರುತ್ತದೆ. ಅದಕ್ಕಿಂತ ನೆಲದ ಇಳಿಜಾರನ್ನು ನಂಬಿ. ತಾಲಾ ಕಬೀರಾ, ತಾಲಾ ಸ್ಗೀರಾ ಅಂತ ಎರಡು ಮುಖ್ಯ ಬೀದಿಗಳಿವೆ, ದೊಡ್ಡ ಏರು ಮತ್ತು ಚಿಕ್ಕ ಏರು ಅಂತ ಅರ್ಥ. ಎರಡೂ ಬೂ ಜಲೂದ್ ಬಾಗಿಲಿನಿಂದ ಇಳಿಯುತ್ತಾ ಕರಾವಿಯ್ಯೀನ್ ಕಡೆಗೆ ಹೋಗುತ್ತವೆ. ಆ ಬೀದಿಗಳಲ್ಲಿದ್ದರೆ ಏರು ಹತ್ತಿ, ಬಾಗಿಲು ಸಿಗುತ್ತದೆ. ಕೆಳಗಿಳಿದು ದಿಕ್ಕು ತಪ್ಪಿದರೆ ರ್ಸೀಫ್ ಎಲ್ಲಿ ಅಂತ ಕೇಳಿ, ಅಲ್ಲಿ ಟ್ಯಾಕ್ಸಿ ಸಿಗುತ್ತದೆ. ದರ್ಬ್ ಅಂತ ಹೆಸರಿರುವ ಕಿರುಗಲ್ಲಿಗಳು ಸಾಮಾನ್ಯವಾಗಿ ಮುಂದೆ ಮುಚ್ಚಿಕೊಳ್ಳುತ್ತವೆ, ಒಳಗೆ ಮನೆಗಳಷ್ಟೇ.

ಮೊದಲ ದಿನವೇ ಮನೆಯಿಂದ ಮುಖ್ಯ ಬೀದಿಯವರೆಗೆ ನಾಲ್ಕು ಸಲ ಹೋಗಿ ಬನ್ನಿ. ಪ್ರತಿ ತಿರುವಿನಲ್ಲಿ ಹಿಂತಿರುಗಿ ನಿಂತು ಒಂದು ಫೋಟೋ ತೆಗೆಯಿರಿ, ಬರುವಾಗ ಕಾಣುವುದು ಆ ಮುಖವೇ. ಅಂಗಡಿ ಮುಚ್ಚಿದ ಮೇಲೆ ಬೀದಿ ಗುರುತೇ ಸಿಗುವುದಿಲ್ಲ. ಆದ್ದರಿಂದ ಅಂಗಡಿಗಳನ್ನಲ್ಲ, ಬಾಗಿಲು, ಕಮಾನು, ನಲ್ಲಿಗಳನ್ನು ಗುರುತಿಟ್ಟುಕೊಳ್ಳಿ.

ಹಿಂದಿನಿಂದ "ಬಾಲಕ್! ಬಾಲಕ್!" ಅಂತ ಕೂಗಿದರೆ ನಮ್ಮ ಕಿವಿಗೆ ಹುಡುಗನನ್ನು ಕರೆದ ಹಾಗೆ ಕೇಳುತ್ತದೆ. ಅದರರ್ಥ ದಾರಿ ಬಿಡಿ, ಹುಷಾರು. ತಕ್ಷಣ ಗೋಡೆಗೆ ಒತ್ತಿ ನಿಂತುಬಿಡಿ. ಹೇಸರಗತ್ತೆಯ ಎರಡು ಪಕ್ಕದಲ್ಲೂ ಹೇರು ಇರುತ್ತದೆ, ಅದಕ್ಕೆ ಬ್ರೇಕ್ ಇಲ್ಲ.

"ಆ ರಸ್ತೆ ಮುಚ್ಚಿದೆ, ನಾನು ತೋರಿಸುತ್ತೇನೆ" ಅನ್ನುವವರಿಗೆ ನಗುತ್ತಾ "ಲಾ ಶುಕ್ರನ್" (ಬೇಡ, ಧನ್ಯವಾದ) ಅಂದು ಮುಂದೆ ಹೋಗಿ. ಗೈಡ್ ಬೇಕಿದ್ದರೆ ಬ್ಯಾಡ್ಜ್ ಇರುವ ಅಧಿಕೃತ ಗೈಡನ್ನು ರಿಯಾದ್ ಮೂಲಕ ಅರ್ಧ ದಿನಕ್ಕೆ ಹಿಡಿಯಿರಿ. ಮೊದಲ ದಿನ ಇದು ದಂಡದ ಖರ್ಚಲ್ಲ. 859ರಲ್ಲಿ ಫಾತಿಮಾ ಅಲ್-ಫಿಹ್ರಿ ಕಟ್ಟಿಸಿದರೆಂದು ಹೇಳುವ ಕರಾವಿಯ್ಯೀನ್ ಮಸೀದಿಯೊಳಗೆ ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ, ಬಾಗಿಲಿನಿಂದ ಅಂಗಳ ನೋಡಬಹುದು. ಹಳೇ ವಿದ್ಯಾಲಯಗಳಾದ ಬೂ ಇನಾನಿಯಾ, ಅತ್ತಾರೀನ್ ಮದ್ರಸಾಗಳಿಗೆ ಟಿಕೆಟ್ ಪಡೆದು ಎಲ್ಲರೂ ಹೋಗಬಹುದು. ಅಲ್ಲಿನ ಅಂಗಳ ನೋಡಿ ರಿಯಾದ್‌ಗೆ ವಾಪಸ್ ಬಂದರೆ, ಅದೇ ಬಿಲ್ಲೆ, ಗಚ್ಚು, ದೇವದಾರು ಒಂದರ ಮೇಲೊಂದು ಅದೇ ಕ್ರಮದಲ್ಲಿ ಇರುವುದು ಕಣ್ಣಿಗೆ ಬೀಳುತ್ತದೆ.

ಕೇರಿಯ ಹಮ್ಮಾಮ್‌ಗೂ ಒಮ್ಮೆ ಹೋಗಿ. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ಹೊತ್ತು. ಕಪ್ಪು ಸಾಬೂನು, ಮೈ ಉಜ್ಜುವ ಒರಟು ಕೈಗವಸು ಕೆಸ್ಸಾ, ಒಂದು ಬಕೆಟ್ಟು ಇಷ್ಟು ಬೇಕು. ರಿಯಾದ್‌ನಲ್ಲಿ ಕೇಳಿದರೆ ಕೊಡುತ್ತಾರೆ. ಉಜ್ಜಿ ಕೊಡುವ ಹೆಂಗಸರು ನಮ್ಮ ಎಣ್ಣೆನೀರಿನ ಅಜ್ಜಿಯರಷ್ಟೇ ಗಟ್ಟಿಗರು.

ಹಂತ 9: ಹೊರಡುವ ದಿನ

ಬೆಳಗಿನ ರೈಲಿದ್ದರೆ ಹಿಂದಿನ ಸಂಜೆಯೇ ಹೇಳಿ. ರಾತ್ರಿ ಬಾಗಿಲಿಗೆ ಒಳಗಿನಿಂದ ಭಾರದ ಅಗುಳಿ ಬಿದ್ದಿರುತ್ತದೆ, ತೆಗೆಯಲು ಒಬ್ಬರು ಏಳಬೇಕು. ತಿಂಡಿ ಕಟ್ಟಿ ಕೊಡುತ್ತಾರೆ, ಕೈಗಾಡಿಯವನನ್ನು ಕರೆಸುತ್ತಾರೆ, 20-30 ದಿರ್ಹಮ್ ಚಿಲ್ಲರೆ ಇಟ್ಟುಕೊಳ್ಳಿ. ಲೆಕ್ಕ ರಾತ್ರಿಯೇ ಮುಗಿಸಿ: ಊಟ, ತೆರಿಗೆ, ಹೀಟರ್, ಒಗೆದ ಬಟ್ಟೆ. ಭಕ್ಷೀಸನ್ನು ಒಬ್ಬರ ಕೈಗೆ ಕೊಡುವ ಬದಲು ಎಲ್ಲರಿಗೂ ಸೇರುವ ಡಬ್ಬಿಗೆ ಹಾಕಿ. ಅಡುಗೆಮನೆಯಲ್ಲೇ ಇರುವವರು ಅತಿಥಿಗಳ ಕಣ್ಣಿಗೆ ಬೀಳುವುದೇ ಇಲ್ಲ. ಲಲ್ಲಾಗೆ ಮಾತ್ರ ಅಡುಗೆಮನೆಗೇ ಹೋಗಿ "ಬ್ಸ್ಲಾಮಾ", ಅಂದರೆ ಹೋಗಿ ಬರುತ್ತೇನೆ ಅಂತ, ಹೇಳಿ ಬನ್ನಿ.

ಟ್ಯಾಕ್ಸಿಗೆ ಅರ್ಧ ಗಂಟೆ ಮುಂಚೆ ಮನೆ ಬಿಡಿ. ಬೆಳಗ್ಗೆ ಗಲ್ಲಿಗಳಲ್ಲಿ ಗ್ಯಾಸ್ ಸಿಲಿಂಡರ್, ಸಿಮೆಂಟ್, ಚರ್ಮ ಹೊತ್ತ ಹೇಸರಗತ್ತೆಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ಅವು ದಾಟುವವರೆಗೆ ನೀವು ಗೋಡೆಗೆ ಒರಗಿ ನಿಂತೇ ಇರಬೇಕು.